ಹದಿನೇಳು ಸೆಕೆಂಡಿನ ಪರವಾನಿಗೆ

"ಗ್ವಾಡಿ ಏನರೆ ಮಾತಾಡ್ತೈತೇನ್ರಿ ಸಾಹೇಬ್ರ? ಅರ್ಧಾ ತಾಸಾತು, ಅದನ್ನ ನೋಡಾಕತ್ತೀರಿ."

ಬಾಪುಸಾಹೇಬ ಮಗದುಮ್ಮರು ನಗುತ್ತಲೇ ಕೇಳಿದರು. ಆದರೆ ಅವರ ಬಲಗೈ ಪಡಸಾಲೆಯ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.

ಈಶ್ವರ ಕಂಬಾರ ಉತ್ತರಿಸಲಿಲ್ಲ. ಚಿಕ್ಕೋಡಿಯ ಕಚೇರಿಯಲ್ಲಿ ಸಹಾಯಕ ವಿದ್ಯುತ್ ಪರಿವೀಕ್ಷಕನಾಗಿ ಒಂಬತ್ತು ವರ್ಷ ಕಳೆದಿದ್ದ ಅವನಿಗೆ ಸುಮ್ಮನಿರುವುದು ಅಭ್ಯಾಸವಾಗಿತ್ತು. ಶಾಕ್ ಹೊಡೆದು ಜನ ಸತ್ತ ಜಾಗಗಳಿಗೆ ಹೋಗುವುದು, ನಿಲ್ಲುವುದು, ನೋಡುವುದು. ಮೊದಲು ಮಾತಾಡುವವರು ಯಾವಾಗಲೂ ಬೇರೆಯವರು.

ಈ ಮನೆಯ ಹಿಂದಿನ ಕಂಬದ ಮೇಲೆ ಲೈನ್‌ಮನ್ ಲಖನ ಮಾನೆ ಸತ್ತು ನಾಲ್ಕು ದಿನವಾಗಿತ್ತು. ಲೈನ್ ಬಂದ್ ಮಾಡಿಯೇ ಅವನನ್ನು ಹತ್ತಿಸಿದ್ದೆ ಎಂದು ಸಬ್‌ಸ್ಟೇಷನ್ನಿನ ಆಪರೇಟರ್ ಬಿಲಾಲ ಮುಜಾವರ ಹೇಳುತ್ತಿದ್ದ. ಅದನ್ನು ನಂಬಿದವರು ಇಬ್ಬರೇ: ಅವನ ಹೆಂಡತಿ ಶಬಾನಾ ಮತ್ತು ಈಶ್ವರ.

ಇವತ್ತು ಬೆಳಿಗ್ಗೆ ಪೊಲೀಸರು ಬಿಲಾಲನನ್ನು ಠಾಣೆಗೆ ಕರೆತಂದು ಕೂರಿಸಿದ್ದರು. ಸಂಜೆ ಐದಕ್ಕೆ ರಾಯಬಾಗದ ನ್ಯಾಯಾಧೀಶರ ಮುಂದೆ ನಿಲ್ಲಿಸುವವರಿದ್ದರು. ಅಷ್ಟರೊಳಗೆ ಈಶ್ವರನ ವರದಿ ಹೋಗಬೇಕು. ಲೈನಿನಲ್ಲಿ ಕರೆಂಟು ಸಬ್‌ಸ್ಟೇಷನ್ನಿನಿಂದ ಬಂದಿದ್ದರೆ ಬಿಲಾಲ ಜೈಲಿಗೆ. ಬೇರೆ ಎಲ್ಲಿಂದಾದರೂ ಬಂದಿದ್ದರೆ ಮನೆಗೆ.

ಈಗ ಗಂಟೆ ಒಂದೂ ನಲವತ್ತು.

ಗೋಡೆಯ ಮೇಲೆ ಸಾಲಾಗಿ ಐದು ಪೆಟ್ಟಿಗೆಗಳಿದ್ದವು. ಮೀಟರು, ಮೇನ್ ಬೋರ್ಡು, ಛತ್ತಿನ ಸೋಲಾರ್ ಹಲಗೆಗಳಿಂದ ಇಳಿದ ವಾಯರು ಸೇರುವ ಎರಡು ಚಿಕ್ಕ ಡಬ್ಬಿ, ಕೊನೆಗೆ ಬಿಳಿಯ ಇನ್ವರ್ಟರು. ಮೊದಲ ನಾಲ್ಕರ ಮೇಲೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ. ಮೀಟರಿನ ಬಾಗಿಲ ಸಂದಿಯಲ್ಲಿ ಒಣಗಿದ ಚೆಂಡು ಹೂವು. ಅಂಗಳದಲ್ಲಿ ನಿಂತ ಟ್ರ್ಯಾಕ್ಟರಿನ ಮೇಲೆ, ಪಂಪಿನ ಸ್ಟಾರ್ಟರಿನ ಮೇಲೆ, ಮೂಲೆಯ ಹೊಲಿಗೆ ಯಂತ್ರದ ಮೇಲೂ ಅದೇ ಗೆರೆ, ಅದೇ ಬೊಟ್ಟು. ದಸರೆಯ ಖಂಡೇಪೂಜೆಯಾಗಿ ತಿಂಗಳು ಕಳೆದಿದ್ದರೂ ಯಾರೂ ಒರೆಸಿರಲಿಲ್ಲ.

ಬಿಳಿ ಪೆಟ್ಟಿಗೆ ಮಾತ್ರ ಈಗಷ್ಟೇ ಸ್ನಾನ ಮಾಡಿ ಬಂದ ಹಾಗೆ ಸ್ವಚ್ಛವಾಗಿತ್ತು.

"ಇದರ ಪೂಜಿ ಮಾಡಿಲ್ಲೇನ್ರಿ?" ಈಶ್ವರ ಕೇಳಿದ.

ಬಾಪುಸಾಹೇಬರ ನಗು ಸ್ವಲ್ಪ ತಡವಾಗಿ ಬಂತು. "ಮಾಡೇವ್ರಿ. ಯಾರರೆ ಆಳಮಂದಿ ಒರಿಸಿರಬೇಕ್."

"ಯಾರಂವ ಒರಿಸ್ದಾಂವ?"

ಒಳಗಿನಿಂದ ಬಂದ ಆ ದನಿಗೆ ಬಾಪುಸಾಹೇಬರ ಹೆಗಲು ಕುಸಿಯಿತು. ಅವರ ತಾಯಿ ಲಕ್ಷ್ಮಿಬಾಯಿ ಮೊರ ಹಿಡಿದುಕೊಂಡೇ ಹೊಸ್ತಿಲ ತನಕ ಬಂದರು.

"ಖಂಡೇಪೂಜಿ ಕುಂಕುಮ ಯಾರರೆ ಒರಸ್ತಾರೇನು? ತಾನ ಉದುರಿ ಹೋಗಬೇಕು ಅದು. ನಾನ ಹಚ್ಚೇನಿ ಎಲ್ಲಾದಕ್ಕೂ, ನನ್ನ ಕೈಲೆ. ಆ ದೊಡ್ಡ ಕರೇ ಪೆಟ್ಟಿಗಿಗೆ ಕೈ ನಿಲುಕಲಿಲ್ಲಂತ ಸ್ಟೂಲ್ ಹಾಕ್ಕೊಂಡ ಹತ್ತೇನಿ."

"ಕರೇದಲ್ಲವ್ವಾ, ಬಿಳೇದು," ಎಂದರು ಬಾಪುಸಾಹೇಬರು. ಈಶ್ವರನ ಕಡೆ ತಿರುಗಿ ದನಿ ತಗ್ಗಿಸಿದರು. "ಕಣ್ಣಾಗ ಮೋತಿಬಿಂದು ಐತ್ರಿ ಸಾಹೇಬ್ರ, ಬರಾಬ್ಬರ್ ಕಾಣ್ಸೂದಿಲ್ಲ."

"ಕಾಣ್ಸೂದಿಲ್ಲಂತ! ನಿನ್ನೆ ನಿನ್ನ ಅಂಗಿ ಗುಂಡಿ ಹಚ್ಚಾಕ ಸೂಜಿಗೆ ದಾರಾ ಪೋಣಿಸ್ದಾಕಿ ಯಾರಲೇ? ನಿನ್ನ ಹೇಣ್ತಿ?"

ಈಶ್ವರ ಗೋಡೆಯ ಹತ್ತಿರ ಸರಿದ. ಬಿಳಿ ಪೆಟ್ಟಿಗೆಯ ಕೆಳಗೆ ಎರಡು ಬೆರಳಗಲದಷ್ಟು, ಪಕ್ಕದಲ್ಲಿ ಒಂದು ಗೇಣಿನಷ್ಟು ಸುಣ್ಣದ ಬಣ್ಣ ಬೇರೆಯಾಗಿತ್ತು. ಅಲ್ಲಿ ಧೂಳು ಕುಳಿತಿರಲಿಲ್ಲ. ಇದಕ್ಕಿಂತ ದೊಡ್ಡದೊಂದು ಪೆಟ್ಟಿಗೆ ಅಷ್ಟು ಜಾಗವನ್ನು ಮುಚ್ಚಿಕೊಂಡು ಕುಳಿತಿದ್ದ ಗುರುತು ಅದು. ಅದರ ಅಂಚಿನ ಕೆಳಗೆ ಗೋಡೆಯ ಮೇಲೆ ಮೂರು ಚುಕ್ಕೆ ಕುಂಕುಮ, ಮೇಲಿನಿಂದ ಉದುರಿ ಅಂಟಿಕೊಂಡದ್ದು.

ಅವನು ಫೋಟೋ ತೆಗೆದುಕೊಂಡ. ಬಾಪುಸಾಹೇಬರು ತಡೆಯಲಿಲ್ಲ.

"ಆಯಿ," ಎಂದ ಈಶ್ವರ ಮೆಲ್ಲಗೆ, "ಲಖನ ಹೋದ ದಿನ ಮುಂಜಾನೆ ಹನ್ನೊಂದಕ್ಕ ನೀವ ಏನ್ ಮಾಡಾಕತ್ತಿದ್ರಿ?"

"ಅವ್ವಾ, ಒಳಗ ನಡಿ."

"ತಡಿಯೋ, ಕೇಳಾಕತ್ತಾರಲ್ಲ. ಶೇಂಗಾ ಹಿಂಡಿ ಮಾಡಾಕತ್ತಿದ್ನೆಪ. ಮಿಕ್ಸರಿಗೆ ಹಾಕಿದ್ದೆ. ಊರಿಗೆಲ್ಲಾ ಕರೆಂಟ ಇದ್ದಿದ್ದಿಲ್ಲಂತ, ನಮ್ಮನ್ಯಾಗ ಇತ್ತು. ಬಿಸಲಿಂದು ಬರ್ತೈತಲ್ಲ ನಮಗ. ಅದಕ್ಕ, ಆ ಹುಡುಗ ಚೀರಿದ್ದು ನನಗ ಕೇಳ್ಸಲೇ ಇಲ್ಲ ನೋಡು. ಎಲ್ಲಾರೂ ಓಡಿ ಬಂದ್ರು, ನನಗ ಗೊತ್ತಿಲ್ಲ. ಆ ಮಿಕ್ಸರಿಂದು ಸಪ್ಪಳ..."

ಲಕ್ಷ್ಮಿಬಾಯಿಯ ಮಾತು ಅಲ್ಲಿಗೆ ನಿಂತಿತು. ಅವರು ಮಗನ ಮುಖ ನೋಡಿದರು. ಮಗ ನೆಲ ನೋಡುತ್ತಿದ್ದ. ಹೊರಗೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು, ಹಾಡು ಹಚ್ಚಿಕೊಂಡು ಹಾದು ಹೋಯಿತು.

ಇಂಥದೇ ಒಂದು ಟ್ರ್ಯಾಕ್ಟರಿನ ಕಬ್ಬು ತಗುಲಿ ಆ ದಿನ ಒಂಬತ್ತು ಗಂಟೆಗೆ ಹಿಂದಿನ ಕಂಬದ ವಾಯರು ಕಡಿದಿತ್ತು. ಕಡಿದ ತುದಿಯ ಆಚೆ ಉಳಿದದ್ದು ಈ ಮನೆಯೊಂದೇ. ಬಿಲಾಲ ಇಡೀ ಲೈನ್ ಬಂದ್ ಮಾಡಿ, ಬಂದ್ ಮಾಡಿದ್ದೇನೆಂದು ಪುಸ್ತಕದಲ್ಲಿ ಬರೆದು, ಹತ್ತಲು ಹೇಳಿದ. ಲಖನ ಹತ್ತಿದ. ವಾಯರಿನಲ್ಲಿ ಉಳಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ರಾಡು ಅವನ ಬೈಕಿನಲ್ಲೇ ಉಳಿದಿತ್ತು. ಬಂದ್ ಆದ ಲೈನಿಗೆ ರಾಡು ಹಾಕುವ ರೂಢಿ ಇಲ್ಲಿ ಯಾರಿಗೂ ಇರಲಿಲ್ಲ. ಊರಿಗೆಲ್ಲ ಕರೆಂಟು ಹೋದರೂ ಒಂದು ಮನೆಯ ಛತ್ತು ಬಿಸಿಲನ್ನು ಹೊರಗಿನ ವಾಯರಿಗೆ ಹರಿಸುತ್ತಿರಬಹುದೆಂದು ಅವನಿಗೆ ಹೇಗೆ ಗೊತ್ತಾಗಬೇಕು?

ಲೈನಿನಲ್ಲಿ ಕರೆಂಟು ಹೋದ ಕೂಡಲೇ ಸೋಲಾರ್ ಇನ್ವರ್ಟರು ತಾನೂ ಬಂದ್ ಆಗಬೇಕು. ಬಿಳಿ ಪೆಟ್ಟಿಗೆ ಹಾಗೆ ಬಂದ್ ಆಗುವಂಥದು. ಕರಿ ಪೆಟ್ಟಿಗೆ ಆಗಿರಲಿಲ್ಲ.

ಲಕ್ಷ್ಮಿಬಾಯಿ ಮೊರವನ್ನು ಹೊಸ್ತಿಲ ಮೇಲಿಟ್ಟು ಒಳಗೆ ಹೋದರು. ಅದರಲ್ಲಿದ್ದ ಜೋಳ ಅರ್ಧ ಮಾತ್ರ ಹಸನಾಗಿತ್ತು.

"ಕರೇ ಪೆಟ್ಟಿಗಿ ಎಲ್ಲೈತ್ರಿ?" ಈಶ್ವರ ಕೇಳಿದ.

ಬಾಪುಸಾಹೇಬರ ದನಿ ಈಗ ಬೇರೆಯಾಗಿತ್ತು. "ಸೋಲಾರ ಅಂಗಡಿ ಅಮೋಲನ್ನ ಕೇಳ್ರಿ. ಹಚ್ಚಿದಾಂವ ಅಂವ, ಬಿಚ್ಚಿದಾಂವ ಅಂವ. ನನಗ ಪಂಚಾಯ್ತಿ ಪರವಾನಿಗೆ ಐತಿ. ಕಾಗದ ಐತಿ ನನ್ನ ಹಂತೇಕ."

ಕಾಗದ ಇತ್ತು. ಅದೇ ಈಶ್ವರನಿಗೆ ಚುಚ್ಚುತ್ತಿದ್ದದ್ದು.

*

ಜೋಡವಾಡಿ ಪಟ್ಟಣ ಪಂಚಾಯಿತಿ ಮನೆ ಛತ್ತಿನ ಸೋಲಾರಿಗೆ ಆನ್‌ಲೈನಿನಲ್ಲಿ ಪರವಾನಿಗೆ ಕೊಡಲು ಶುರು ಮಾಡಿ ಒಂದು ವರ್ಷವಾಗಿತ್ತು. ಅದಕ್ಕೆ ಮುಂಚೆ ಜನ ಎಂಟು ತಿಂಗಳು ಓಡಾಡುತ್ತಿದ್ದರು. ಇವತ್ತು ಸಾಹೇಬರಿಲ್ಲ, ನಾಳೆ ಸಹಿ ಇಲ್ಲ, ನಾಡಿದ್ದು ಫೈಲೇ ಇಲ್ಲ. ಈಗ ಹನ್ನೊಂದು ಪ್ರಶ್ನೆಗೆ ಉತ್ತರ, ಆರು ಫೋಟೋ, ಹಚ್ಚುವವನ ಲೈಸೆನ್ಸ್ ನಂಬರು ಸಾಕು. ಎಲ್ಲ ಹೊಂದಿದರೆ ಯಂತ್ರವೇ ಒಪ್ಪಿಗೆ ಕೊಡುತ್ತದೆ.

ಬೆಳಗಾವಿಯ ಸಭೆಯಲ್ಲಿ ಈ ಪದ್ಧತಿಯ ಪರವಾಗಿ ಎದ್ದು ನಿಂತು ಮಾತಾಡಿದವರಲ್ಲಿ ಈಶ್ವರನೂ ಒಬ್ಬ. ಆ ಹನ್ನೊಂದು ಪ್ರಶ್ನೆಗಳಲ್ಲಿ ನಾಲ್ಕನೆಯದನ್ನು ಅವನೇ ಬರೆದುಕೊಟ್ಟಿದ್ದ. 'ಲೈನಿನಲ್ಲಿ ಕರೆಂಟು ಹೋದಾಗ ಇನ್ವರ್ಟರು ತಾನಾಗಿ ಬಂದ್ ಆಗುತ್ತದೆಯೇ?'

ಮಗದುಮ್ಮರ ಅರ್ಜಿಯಲ್ಲಿ ಅದರ ಮುಂದೆ ಹಸಿರು ಗುರುತಿತ್ತು. ಹೌದು.

ಜೀಪಿನಲ್ಲಿ ಕುಳಿತು ಅವನು ಮತ್ತೊಮ್ಮೆ ಮೊಬೈಲಿನಲ್ಲಿ ಆ ಅರ್ಜಿ ತೆಗೆದ. ಸೆಪ್ಟೆಂಬರ್ ಹನ್ನೆರಡು. ಅರ್ಜಿ ಸೇರಿದ್ದು ನಾಲ್ಕು ಗಂಟೆ ಹನ್ನೆರಡು ನಿಮಿಷ ಎಂಟು ಸೆಕೆಂಡಿಗೆ. ಪರವಾನಿಗೆ ಬಂದದ್ದು ಇಪ್ಪತ್ತೈದನೆಯ ಸೆಕೆಂಡಿಗೆ. ಫೋಟೋದಲ್ಲಿ ಅದೇ ಪಡಸಾಲೆ, ಅದೇ ಗೋಡೆ, ಬಿಳಿ ಪೆಟ್ಟಿಗೆ.

ಸೆಪ್ಟೆಂಬರಿನಲ್ಲಿ ಬಿಳಿ. ಖಂಡೇಪೂಜೆಯ ದಿನ ಕರಿ. ಲಖನ ಸತ್ತ ಮೇಲೆ ಮತ್ತೆ ಬಿಳಿ.

ಅವನು ಫೋಟೋವನ್ನು ಹಿಗ್ಗಿಸಿದ. ಬಿಳಿ ಪೆಟ್ಟಿಗೆಯ ಎಡ ಮೂಲೆಯಲ್ಲಿ ಅಕ್ಕಿ ಕಾಳಿನಷ್ಟು ಬಣ್ಣ ಹಾರಿತ್ತು. ಏನೋ ಹೊಳೆದು, ಅಮೋಲ ಚೌಗಲಾ ಸೇರಿಸಿದ್ದ ಬೇರೆ ಅರ್ಜಿಗಳನ್ನು ಒಂದೊಂದಾಗಿ ತೆರೆದ. ಎರಡನೆಯ ವಾರ್ಡಿನ ಮನೆ. ಬೇರೆ ಗೋಡೆ, ಬೇರೆ ನಂಬರಿನ ಚೀಟಿ, ಅದೇ ಮೂಲೆಯಲ್ಲಿ ಅದೇ ಅಕ್ಕಿ ಕಾಳು. ಏಳನೆಯ ವಾರ್ಡು. ಮತ್ತೆ ಅಕ್ಕಿ ಕಾಳು.

ಹತ್ತೊಂಬತ್ತು ಮನೆ. ಒಂದೇ ಪೆಟ್ಟಿಗೆ.

*

"ಬರ್ರಿ ಬರ್ರಿ ಸಾಹೇಬ್ರ! ಏನ್ ಭಾಗ್ಯ ನಮ್ದು. ಚಹಾ ಹೇಳ್ಲೋ, ಕಬ್ಬಿನ ಹಾಲ ಹೇಳ್ಲೋ?"

ಅಮೋಲ ಚೌಗಲಾನ ಅಂಗಡಿ ಬಸ್‌ಸ್ಟ್ಯಾಂಡಿನ ಎದುರಿಗಿತ್ತು. ಮೂವತ್ತರ ಆಸುಪಾಸಿನ ಹುರುಪಿನ ಮನುಷ್ಯ. ಹಣೆಗೆ ಗಂಧ, ಕೈಗೆ ದೊಡ್ಡ ವಾಚು. ಗೋಡೆಯ ತುಂಬ ತಾನು ಹಚ್ಚಿದ ಸೋಲಾರ್ ಛತ್ತುಗಳ ಫೋಟೋ ಅಂಟಿಸಿದ್ದ.

ಈಶ್ವರ ಎದುರಿನ ಕುರ್ಚಿಯಲ್ಲಿ ಕುಳಿತ. ಮೊಬೈಲನ್ನು ಮೇಜಿನ ಮೇಲಿಟ್ಟು ಒಂದು ಫೋಟೋ ತೋರಿಸಿದ. ಬೆರಳಿನಿಂದ ಸರಿಸಿ ಇನ್ನೊಂದು. ಮತ್ತೊಂದು. ಪ್ರತಿಸಲವೂ ಎಡ ಮೂಲೆಯನ್ನು ಹಿಗ್ಗಿಸಿದ. ಒಂದು ಮಾತೂ ಆಡಲಿಲ್ಲ.

ಐದನೆಯ ಫೋಟೋಕ್ಕೆ ಅಮೋಲ ನಕ್ಕ. "ಕಂಪನಿ ಮಾಲ್ ಸಾಹೇಬ್ರ. ಎಲ್ಲಾ ಒಂದ ನಮೂನಿ ಇರ್ತಾವ."

ಒಂಬತ್ತನೆಯದಕ್ಕೆ ಅವನು ಎದ್ದು ಫ್ಯಾನಿನ ಸ್ವಿಚ್ಚು ಒತ್ತಿದ. ಫ್ಯಾನು ಮೊದಲೇ ತಿರುಗುತ್ತಿತ್ತು. ಈಗ ನಿಂತಿತು. ಅವನಿಗೆ ಅದು ಗೊತ್ತಾಗಲಿಲ್ಲ.

ಹದಿಮೂರನೆಯದು. ಹದಿನಾಲ್ಕನೆಯದು.

"ಏನರೆ ಅನ್ರಿ, ಸಾಹೇಬ್ರ," ಎಂದ ಅಮೋಲ. ಗಂಧದ ಮೇಲೆ ಬೆವರು ಒಡೆದಿತ್ತು. "ಬೈರಿ, ಹೊಡೀರಿ. ಹಿಂಗ ಸುಮ್ನ ಕುಂದ್ರಬ್ಯಾಡ್ರಿ."

ಈಶ್ವರ ಹದಿನೈದನೆಯದನ್ನು ತೆರೆದ.

"ಬಸ್ಸ್ ಮಾಡ್ರಿ!" ಅಮೋಲ ಮೊಬೈಲನ್ನು ಬೋರಲು ಹಾಕಿದ. ಬಾಗಿಲಾಚೆ ಯಾರಾದರೂ ಇದ್ದಾರೇನೋ ಎಂದು ಇಣುಕಿ ನೋಡಿ ಬಂದು ಕುಳಿತ. "ಹೌದ್ರಿ. ಒಂದ ಪೆಟ್ಟಿಗಿ. ಹಚ್ಚೂದು, ಫೋಟೋ ಹೊಡಿಯೂದು, ಬಿಚ್ಚೂದು. ಚೀಟಿ ಅಷ್ಟ ಬದಲಿ. ಏನ್ ಮಾಡ್ಲಿ ನಾನು? ಜನ ಕೇಳೂದು ಏನ್ ಗೊತ್ತೇನ್ರಿ? 'ಕರೆಂಟ ಹೋದ್ರ ಸೋಲಾರ ಯಾಕ ಹೋಗ್ತೈತಿ? ಬಿಸಲೇನ್ ಹೋಗಿಲ್ಲಲಾ?' ದಿನಾ ಹತ್ತ ಸಲ ಕರೆಂಟ ಹೋಗೂ ಊರ್ರಿ ಇದು. ಅವರಿಗೆ ಹೆಂಗ ತಿಳಿಸ್ಲಿ?"

"ಬಾಪುಸಾಹೇಬ್ರೂ ಕೇಳಿದ್ರು?"

"ಕೇಳಿದ್ರು ಅಂದ್ರ? ಮಂದ್ಯಾಗ ಮಾನ ಕಳದ್ರು. 'ಏನಲೇ ಅಮೋಲ, ಛತ್ತಿನ ಮ್ಯಾಲ ಕಾಗಿ ಮುಖಾ ನೋಡ್ಕೊಳ್ಳಾಕ ಕನ್ನಡಿ ಹಚ್ಚಿ ಹೋಗಿಯೇನ?' ಅಂದ್ರು. ಅದಕ್ಕ ಜುಗಾಡ ಮಾಡಿದ್ನಿ. ಹಳೇ ಕರೇ ಪೆಟ್ಟಿಗಿ, ಬಂದ್ ಆಗೂ ಕಡ್ಡಿ ಕಿತ್ತಿದ್ದು. ಊರಾಗ ಕರೆಂಟ ಹೋದ್ರೂ ಮನ್ಯಾಗ ಚಾಲೂ. ಎಲ್ಲಾರೂ ಖುಷ್. ಬಾಪುಸಾಹೇಬ್ರ ನೋಡಿ ಹದಿನೆಂಟ ಮನಿಯವರು ಬಂದ್ರು."

"ಒಬ್ಬ ಹುಡುಗ ಸತ್ತಾನ, ಅಮೋಲ."

"ಗೊತ್ತೈತ್ರಿ." ಅವನ ದನಿ ಒಡೆಯಿತು. ಮರುಗಳಿಗೆ ಅದೇ ದನಿ ಗಟ್ಟಿಯಾಯಿತು. "ಆದ್ರ ನೀವೂ ಒಂದ ಹೇಳ್ರಿ ಸಾಹೇಬ್ರ. ಮೊದಲ ಪಂಚಾಯ್ತಿಯಿಂದ ಯಾರರೆ ಬರಾವ್ರು. ಚಹಾ ಕುಡಿಯಾವ್ರು, ಸತಾಯಿಸಾವ್ರು, ಖರೆ. ಆದ್ರ ಗ್ವಾಡಿ ಮುಟ್ಟಿ ನೋಡಾವ್ರು. ಈಗ ನಿಮ್ಮ ಮಷೀನ್ ಫೋಟೋ ಕೇಳ್ತು. ನಾ ಫೋಟೋ ಕೊಟ್ಟೆ. ಅದು ನನಗ ಪೆಟ್ಟಿಗಿ ಕೇಳಲೇ ಇಲ್ಲಲಾ?"

ನಾಲ್ಕನೆಯ ಪ್ರಶ್ನೆ ಬರೆಯುವಾಗ ಈಶ್ವರ ಎಷ್ಟೊಂದು ಪದಗಳನ್ನು ತಿದ್ದಿದ್ದ, ಹೊಡೆದು ಹಾಕಿದ್ದ. 'ತಾನಾಗಿ' ಎನ್ನುವುದನ್ನು ಸೇರಿಸಲು ಒಂದು ಇಡೀ ಮಧ್ಯಾಹ್ನ ವಾದಿಸಿದ್ದ. ಸುಳ್ಳು ಹೇಳುವವನೊಬ್ಬ ಅದನ್ನು ಓದಬಹುದು ಎಂಬುದು ಆಗ ಹೊಳೆಯಲೇ ಇಲ್ಲ.

ಆದರೂ ಎದೆಯ ಮೇಲಿನ ಭಾರ ಇಳಿಯಿತು. ಗಂಟೆ ಮೂರೂಕಾಲು. ವರದಿ ಮೊಬೈಲಿನಲ್ಲೇ ಅರ್ಧ ಬರೆದಾಗಿತ್ತು. 'ಕರೆಂಟು ಸಬ್‌ಸ್ಟೇಷನ್ನಿನಿಂದ ಬಂದದ್ದಲ್ಲ' ಎಂಬ ಒಂದು ಸಾಲು ಸೇರಿಸಿದರೆ ಬಿಲಾಲ ಸಂಜೆ ಮಕ್ಕಳ ಜೊತೆ ಊಟಕ್ಕೆ ಕೂರುತ್ತಾನೆ. ಉಳಿದ ಹದಿನೆಂಟು ಕರಿ ಪೆಟ್ಟಿಗೆಗಳನ್ನು ಬಿಚ್ಚಿಸುವ ತನಕ ಯಾವ ಲೈನ್‌ಮನ್ನನೂ ಕಂಬ ಹತ್ತಬಾರದು ಎಂದು ಇನ್ನೊಂದು ಸಾಲು. ಅದನ್ನು ಮೊದಲೇ ಕಳಿಸಿಬಿಟ್ಟ.

ಬಾಕಿ ಉಳಿದದ್ದು ಒಂದು ಚಿಕ್ಕ ವಿವರ.

"ಮಗದುಮ್ಮರ ಮನಿ ಕರೇ ಪೆಟ್ಟಿಗಿ ಯಾವಾಗ ಬಿಚ್ಚಿದಿ?"

"ಅವತ್ತ ಮಧ್ಯಾಹ್ನ. ಮಂದಿ ಎಲ್ಲಾ ದವಾಖಾನಿಗೆ ಹೋಗಿದ್ರು."

"ಬಾಪುಸಾಹೇಬ್ರು ಬಿಚ್ಚಂದ್ರೇನು?"

"ಇಲ್ರಿ. ಅವರಿಗೆ ನಾ ಬಿಚ್ಚೂ ಮುಂದ ಗೊತ್ತಾತು."

"ಮತ್ತ ಯಾರು ಹೇಳಿದ್ರು?"

ಅಮೋಲ ಸುಮ್ಮನಾದ. ಅಂಗಡಿಗೆ ಬಂದಾಗಿನಿಂದ ಅವನು ಮೊದಲ ಸಲ ಸುಮ್ಮನಾಗಿದ್ದ. ಈಶ್ವರ ಅನೇಕ ತರದ ಮೌನಗಳನ್ನು ನೋಡಿದವನು. ಸಿಕ್ಕಿಬಿದ್ದವರು ಸುಮ್ಮನಾಗುವ ಬಗೆ ಬೇರೆ. ಅಮೋಲ ಹೇಳಬೇಕೋ ಬೇಡವೋ ಎಂದು ತೂಗುತ್ತಿದ್ದ.

"ಸಾಹೇಬ್ರ, ನೀವ ಆ ಬಿಲಾಲನ್ನ ಬಿಡಸಾಕ ಓಡಾಡಾಕತ್ತೀರಿ. ಊರಿಗೆಲ್ಲಾ ಗೊತ್ತೈತಿ. ಇದನ್ನ ಕೇಳಬ್ಯಾಡ್ರಿ."

"ಹೇಳು."

"ನನ್ನ ಫೋನಿನ್ಯಾಗ ಮಾತಾಡಿದ್ದೆಲ್ಲಾ ರಿಕಾರ್ಡ್ ಆಗ್ತಾವ. ಗಿರಾಕಿ ಆಮ್ಯಾಲ ಅಂದಿಲ್ಲ, ಆಡಿಲ್ಲ ಅಂತಾರಲ್ಲ, ಅದಕ್ಕ."

ಅವನು ಕಿಸೆಯಿಂದ ಫೋನು ತೆಗೆದು ಹುಡುಕಿದ. ಮೇಜಿನ ಮೇಲಿಟ್ಟ. ಲಖನ ಸತ್ತ ದಿನದ ತಾರೀಖು. ಹತ್ತು ಗಂಟೆ ಇಪ್ಪತ್ತೊಂದು ನಿಮಿಷ.

ಲಖನ ಸತ್ತದ್ದು ಹನ್ನೊಂದೂ ಐದಕ್ಕೆ.

ಫೋನಿನಿಂದ ಬಂದ ದನಿಯನ್ನು ಈಶ್ವರ ತಕ್ಷಣ ಗುರುತಿಸಿದ.

"ಅಮೋಲ, ನಾ ಬಿಲಾಲ. ಮಗದುಮ್ಮರ ಮನಿ ಕರೇ ಪೆಟ್ಟಿಗಿ ಈಗಿಂದೀಗ ಬಂದ್ ಆಗಬೇಕ್ ನೋಡು. ಹನ್ನೊಂದಕ್ಕ ನಾ ಲೈನ್ ಬಂದ್ ಮಾಡಿ ಕೊಡಾವ ಅದೇನಿ. ಲಖನ ಹತ್ತತಾನ."

"ನಾ ಮುಗಳಖೋಡದಾಗ ಛತ್ತಿನ ಮ್ಯಾಲ ಅದೇನಿ ಬಿಲಾಲಭಾಯಿ. ಮಧ್ಯಾಹ್ನ ಬಂದ ಮಾಡ್ತೇನಿ. ಅಷ್ಟರಾಗ ಲಖನಗ ಫೋನ್ ಮಾಡಿ ಹೇಳ್ಲೇನು?"

ಎರಡು ಉಸಿರಿನಷ್ಟು ಹೊತ್ತು ಏನೂ ಇಲ್ಲ.

"ಬ್ಯಾಡ. ಲಖನಗ ಏನೂ ಗೊತ್ತಾಗಬಾರ್ದು."

ಅಲ್ಲಿಗೆ ಮುಗಿದಿತ್ತು.

"ಅದಕ್ಕ ನಾ ಹೇಳ್ಲಿಲ್ರಿ," ಎಂದ ಅಮೋಲ ಪಿಸುದನಿಯಲ್ಲಿ. "ಬಿಲಾಲ ತಾನ ಅವನ್ನ ನಿಲ್ಲಿಸ್ತಾನ ಅಂದ್ಕೊಂಡೆ. ಲೈನ್ ಕೊಡಾವ ಅವನ ಅಲ್ಲೇನ್ರಿ? ಇವತ್ತ ಬ್ಯಾಡ, ನಾಳೆ ಹತ್ತು ಅಂದಿದ್ರ ಮುಗೀತಿತ್ತು."

ಮುಗಿಯುತ್ತಿತ್ತು. ಆದರೆ ಹತ್ತೂ ಐವತ್ತಕ್ಕೆ, ಸ್ವಚ್ಛ ಅಕ್ಷರದಲ್ಲಿ, ಬಿಲಾಲ ಪುಸ್ತಕದಲ್ಲಿ ಬರೆದಿದ್ದ. ಲೈನ್ ಬಂದ್, ಹತ್ತಬಹುದು. ಸಬ್‌ಸ್ಟೇಷನ್ನಿನಲ್ಲಿ ಆ ಪುಸ್ತಕ ಬಿಟ್ಟರೆ ಬೇರೆ ದಾಖಲೆ ಇರಲಿಲ್ಲ. ಈಶ್ವರ ಆ ಸಾಲನ್ನು ನಾಲ್ಕು ದಿನದಿಂದ ಅವನ ಪ್ರಾಮಾಣಿಕತೆಯ ಗುರುತೆಂದು ಓದಿಕೊಂಡಿದ್ದ.

ನಿನ್ನೆ ಅವನು ಬಿಲಾಲನನ್ನು ನೇರವಾಗಿ ಕೇಳಿದ್ದ. ಆ ಮನೆಯ ಸೋಲಾರಿನ ಬಗ್ಗೆ ನಿನಗೆ ಏನಾದರೂ ಗೊತ್ತಿತ್ತೇ? ಬಿಲಾಲ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದ. "ಇಲ್ರಿ ಸಾಹೇಬ್ರ."

ಮೂರೂ ಮೂವತ್ತೆಂಟು. ಮೊಬೈಲಿನಲ್ಲಿ ವರದಿ ತೆರೆದೇ ಇತ್ತು. ಬರೆಯಬೇಕಾದ ಸಾಲು ಈಗಲೂ ಸತ್ಯವೇ. ಕರೆಂಟು ಸಬ್‌ಸ್ಟೇಷನ್ನಿನಿಂದ ಬಂದದ್ದಲ್ಲ. ಅದನ್ನಷ್ಟೇ ಬರೆದು ಈ ಧ್ವನಿಯನ್ನು ಬಿಟ್ಟರೆ ಬಿಲಾಲ ಉಳಿಯುತ್ತಾನೆ. ಎರಡನ್ನೂ ಬರೆದರೆ ಅವನ ಮೇಲೆ ಬೀಳುವುದು ಅಲಕ್ಷ್ಯದ ಕೇಸಲ್ಲ, ಕೊಲೆಯ ಕೇಸು.

ಅವನ ಬೆರಳು ಪರದೆಯ ಮೇಲೆ ನಿಂತಿದ್ದಾಗಲೇ ಫೋನು ಬಂತು. ಶಬಾನಾ.

"ಸಾಹೇಬ್ರ, ಎಲ್ಲಿದ್ದೀರಿ? ಲಗೂನ ಬರ್ರಿ. ಅವ್ರು ಒಪ್ಕೊಂಡ್ಯಾರ್ರಿ."

"ಏನ್ ಒಪ್ಕೊಂಡ್ಯಾರವ್ವಾ?"

"ಲಖನ ಕಂಬದ ಮ್ಯಾಲ ಇದ್ದಾಗ ಲೈನ್ ನಾನ ಚಾಲೂ ಮಾಡ್ದೆ ಅಂತ. ಬರಕೊಟ್ಟು ಸಹಿ ಹಾಕ್ಯಾರ್ರಿ. ಸುಳ್ಳ ಐತ್ರಿ ಅದು! ನನಗ ಗೊತ್ತೈತಿ, ಸುಳ್ಳ ಐತಿ."

ಸುಳ್ಳೆಂದು ಈಶ್ವರನಿಗೂ ಗೊತ್ತಿತ್ತು. ಲೈನ್ ಚಾಲೂ ಆಗಿರಲೇ ಇಲ್ಲ. ಮಾಡದ ಕೆಲಸವನ್ನು ಮಾಡಿದೆನೆಂದು ಬಿಲಾಲ ಬರೆದುಕೊಟ್ಟಿದ್ದ, ಅದೂ ಆ ಕರಿ ಪೆಟ್ಟಿಗೆಯ ಹೆಸರು ಎಲ್ಲಿಯೂ ಬಾರದ ಹಾಗೆ. ಪೆಟ್ಟಿಗೆಯ ಮಾತು ಬಂದರೆ ಆ ಫೋನಿನ ಮಾತೂ, ಕೊಲೆಯ ಕೇಸೂ ಬರುತ್ತಿತ್ತು.

"ಪೊಲೀಸ್ರು ಹೊಡದ್ರೇನು?"

"ಇಲ್ರಿ. ನಾ ಮುಂಜಾನಿಂದ ಇಲ್ಲೇ ಕುಂತೇನಿ. ಯಾರೂ ಮುಟ್ಟಿಲ್ಲ."

"ಮತ್ತ ಯಾರರೆ ಬಂದಿದ್ರೇನು?"

ಆ ತುದಿಯಲ್ಲಿ ಶಬಾನಾ ಉಸಿರೆಳೆದುಕೊಂಡದ್ದು ಕೇಳಿಸಿತು.

"ಲಖನನ ಹೇಣ್ತಿ ಬಂದಿದ್ಲ್ರಿ, ಸೀಮಾ. ಅವ್ರ ಎದುರಿಗೆ ಬೆಂಚಿನ ಮ್ಯಾಲ ಹದಿನೈದ ನಿಮಿಷ ಕುಂತ್ಲು. ಎದ್ದ ಹೋದ್ಲು. ಆಕಿ ಗೇಟ್ ದಾಟೂದ ತಡ, ಇವ್ರು ಪೊಲೀಸ್ರನ್ನ ಕರದು, ಬರಕೋರಿ ಅಂದ್ರು."

"ಏನಂದ್ಲು ಆಕಿ?"

"ಅದನ್ನ ಹೇಳಾಕ ಫೋನ್ ಮಾಡೇನ್ರಿ ಸಾಹೇಬ್ರ. ನಾ ಬಾಜೂಕ ಇದ್ನಿ." ಶಬಾನಾಳ ದನಿಯಲ್ಲಿ ಅಳು ನಿಂತಿತ್ತು. "ಗಂಡ ಹೇಣ್ತಿ ಕುಂತಂಗ ಕುಂತಿದ್ರು, ಇಬ್ರೂ ಒಂದ ಮಾತ ಆಡ್ಲಿಲ್ರಿ."